ಹಾಲಿಗೆ ಬೆಲ್ ಇಲ್ಲ

ಅಕ್ಕನ ಮನೆ, ಅಡುಗೆಕಟ್ಟೆಯ ಮೇಲೆ
ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಪತ್ರ ಬರೆಯುತ್ತಿರುವುದಕ್ಕೇ ಸಾರಿ. ಲಕೋಟೆ ನೋಡಿದ ಕೂಡಲೇ ನಿನ್ನ ಎದೆ ಧಸಕ್ಕೆಂದಿರುತ್ತದೆ. ಯಾರಿಗೂ ಏನೂ ಆಗಿಲ್ಲ. ನೀನು ಕೆಲಸ ಮಾಡುವ ಸುರಂಗದೊಳಗೆ ಫೋನ್ ಸಿಗುವುದಿಲ್ಲ. ಸಿಕ್ಕರೂ ಈ ಎರಡು ಕೋಣೆಯ ಮನೆಯಲ್ಲಿ ಅಕ್ಕನಿಗೆ ಕೇಳದಂತೆ ಮಾತಾಡಲು ಜಾಗವಿಲ್ಲ. ಕೆಮ್ಮು ಹೇಗಿದೆ? ಸರ್ವೆ ಮಾಡುವಾಗ ಮಾಸ್ಕ್ ಹಾಕಿಕೊಳ್ಳುತ್ತೀಯಾ, ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುತ್ತೀಯಾ?

ಪಾಪು ಚೆನ್ನಾಗಿದ್ದಾಳೆ. ಈಗ ಚೆನ್ನಾಗಿದ್ದಾಳೆ ಎನ್ನಬೇಕು. ಹೋದ ವಾರ ತೂಕ ಇಳಿದಿತ್ತು. ಸೋಮವಾರಕ್ಕೆ ಏರದಿದ್ದರೆ ಡಬ್ಬಿ ಹಾಲು ಸೇರಿಸೋಣ ಎಂದರು ಡಾಕ್ಟರ್. ಅಕ್ಕ ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ, "ನನ್ನಲ್ಲಿ ಹಾಲೇ ಇಲ್ಲ ಕಣೇ" ಎಂದಳು. ತಪ್ಪು ಎಲ್ಲಿತ್ತು ಗೊತ್ತಾ? ಫ್ರಿಜ್ಜಿನ ಬಾಗಿಲ ಮೇಲೆ. ನಾವಿಬ್ಬರೂ ಸೇರಿ ಪಾಪುಗೊಂದು ಟೈಮ್‌ಟೇಬಲ್ ಬರೆದು ಅಂಟಿಸಿದ್ದೆವು, ಕಲರ್ ಪೆನ್ನಿನಲ್ಲಿ. ಅಲಾರಂ ಹೊಡೆದರೆ ಹಾಲು, ನಡುವೆ ಎಷ್ಟು ಅತ್ತರೂ ತಟ್ಟಿ ಮಲಗಿಸುವುದು. ಹಾಸ್ಟೆಲ್ಲಿನಲ್ಲಿ ಬೆಲ್ ಹೊಡೆದಾಗ ತಟ್ಟೆ ಹಿಡಿದು ಸಾಲು ನಿಂತು ಬೆಳೆದವರಲ್ಲವೇ, ಬೆಲ್‌ಗಿಂತ ಮೊದಲೂ ಹಸಿವಾಗಬಹುದೆಂದು ಹೊಳೆಯಲೇ ಇಲ್ಲ.

ಮರುದಿನ ಕ್ಲಿನಿಕ್ಕಿನ ನರ್ಸ್‌ಗೆ ಹೇಳಿದೆವು. ಆಕೆ ನಗಲಿಲ್ಲ, ಅದೇ ಪುಣ್ಯ. "ಅಳೋವರೆಗೂ ಯಾಕೆ ಕಾಯ್ತೀರಿ? ಕೈ ಬಾಯಿಗೆ ಹೋಯ್ತಾ, ಕೊಟ್ಬಿಡಿ. ಕುಡಿದಷ್ಟೂ ಬರುತ್ತೆ" ಎಂದರು. ಪಾಪುವಿನ ಹೊಟ್ಟೆಯನ್ನು ಅಕ್ಕನ ಹೊಟ್ಟೆಗೆ ಆನಿಸಿ, ಬಾಯಿ ಆಕಳಿಸುವಷ್ಟು ಅಗಲವಾದಾಗ ಎದೆಗೆ ಎಳೆದುಕೊಳ್ಳಲು ಕಲಿಸಿದರು. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕಂತೆ. ಮುಂಚೆ ನೋವಿಗೆ ಟವೆಲ್ ಕಚ್ಚಿಕೊಳ್ಳುತ್ತಿದ್ದ ಅಕ್ಕ ಈಗ ಕಣ್ಣು ಮುಚ್ಚಿ ಒರಗುತ್ತಾಳೆ. ಗುಟುಕ್ ಎಂದು ನುಂಗುವ ಸದ್ದು ಕೇಳಿದರೆ ನನಗೂ ಹೊಟ್ಟೆ ತುಂಬಿದಂತೆ. ಸೋಮವಾರ ತೂಕ ಏರಿತ್ತು, ಸ್ವಲ್ಪವೇ.

ಆದರೆ ಅಮ್ಮಾ, ಸುಸ್ತು. ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ ಕೂರುವಷ್ಟರಲ್ಲಿ ಮತ್ತೆ ಕೈ ಬಾಯಿಗೆ. ಬೇಕರಿಯಿಂದ ಮೈಯೆಲ್ಲ ಹಿಟ್ಟಾಗಿ ಬರುವ ಭಾವ ಪಾಪುಗೆ ವಾರ್ಡನ್ ಎಂದು ಹೆಸರಿಟ್ಟಿದ್ದಾನೆ. "ವಾರ್ಡನ್ ಎದ್ರು, ಏಳ್ರಪ್ಪಾ" ಎನ್ನುತ್ತಾ ತಾನೇ ಕೂತಲ್ಲಿ ಗೊರಕೆ ಹೊಡೆಯುತ್ತಾನೆ. ನಾನು ನಿನ್ನೆ ತೂಕಡಿಸುತ್ತಾ ಬಟ್ಟೆಯ ಜೊತೆ ಫಿಸಿಕ್ಸ್ ನೋಟ್ಸನ್ನೂ ಬಕೆಟ್ಟಿಗೆ ಅದ್ದಿದೆ. ಹಗ್ಗದ ಮೇಲೆ ಒಣಗುತ್ತಿದೆ.

ಭಾವ ನಮಸ್ಕಾರ ಹೇಳಿದ್ದಾನೆ. ವಾರ್ಡನ್ ಕಡೆಯಿಂದ ಒಂದು ಆಕಳಿಕೆ. ಮಾಸ್ಕ್ ಮರೆಯಬೇಡ.

ನಿನ್ನ,
ಚಿಕ್ಕವಳು

ಮರೆತದ್ದು: ಮರೆತಿರಲಿಲ್ಲ, ಹೆದರಿ ಕೊನೆಗೆ ಇಟ್ಟಿದ್ದೆ. ಮುಂದಿನ ವಾರದ ಕೊನೆಗೆ ನನಗೆ ಇಂಟರ್ನಲ್ಸ್ ಪರೀಕ್ಷೆ, ಕಾಲೇಜು ಹಾಸ್ಟೆಲ್‌ಗೆ ಹೋಗಲೇಬೇಕು. ಭಾವ ಬೇಕರಿಗೆ ಹೋದರೆ ಅಕ್ಕ ಒಬ್ಬಳೇ. ಒಬ್ಬಳಿಂದ ಆಗಲ್ಲ ಎಂದು ಆಗಲೇ ಒಂದು ಹಾಲಿನ ಡಬ್ಬಿ ತಂದು ಕಪಾಟಿನಲ್ಲಿ ಇಟ್ಟಿದ್ದಾಳೆ. ಅಮ್ಮನನ್ನು ಕರೆಯೋಣವೇ ಎಂದೆ. "ಅಮ್ಮಂಗೆ ರಜ ಸಿಗಲ್ಲ ಬಿಡೇ" ಎಂದಳು. ಸ್ಕೂಲ್ ಹಾಸ್ಟೆಲ್ಲಿನ ಗೇಟಿನ ಹತ್ತಿರ, ಬೇರೆಯವರ ಅಮ್ಮಂದಿರೆಲ್ಲ ಬಂದು ಹೋದಮೇಲೆ, ನನ್ನ ಕೈ ಹಿಡಿದು ಹೇಳುತ್ತಿದ್ದ ಅದೇ ದನಿಯಲ್ಲಿ. ಬರುತ್ತೀಯೋ ಇಲ್ಲವೋ, ಬೇಗ ಉತ್ತರ ಬರಿ.