ಶರಣವ್ವ ಎಂಬ ಹೆಸರಿನ ಕಡತಗಳು

ಗುಳೇದಗುಡ್ಡ,
ಫೆಬ್ರವರಿ ೩೦, ೨೧೬೭

ಹಳೆಯ ಗಣಕಗಳಿಗಾಗಿ ಕಡತ ನೋಡಿಕೊಳ್ಳುವ ತಂತ್ರಾಂಶ ಬರೆದವರಿಗೆ,

ನಮಸ್ಕಾರ. ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ಊರೆಲ್ಲ ಮಲಗಿರುತ್ತದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮದೇ ತಂತ್ರಾಂಶದ ಸಹಾಯಪುಟಗಳನ್ನು ಓದಿ. ಈ ಗಣಕದ ಗಡಿಯಾರ ಕೆಟ್ಟಿದೆ, ಎಬ್ಬಿಸಿದಾಗಲೆಲ್ಲ ನಿಮ್ಮ ಕಾಲದ ತಾರೀಖನ್ನೇ ತೋರಿಸುತ್ತದೆ. ಇದರಲ್ಲಿ ಬರೆದಿಟ್ಟದ್ದು ನಿಮಗೆ ಮುಟ್ಟೀತು ಎಂದು ನಮ್ಮಲ್ಲಿ ಕೆಲವರು ನಂಬುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ, ಆದರೂ ಬರೆಯುತ್ತಿದ್ದೇನೆ.

ನಾನು ತುಂಗಾ, ವಯಸ್ಸು ಹತ್ತೊಂಬತ್ತು. ಕಲಿಕೆಗೂಡನ್ನು ಅರ್ಧಕ್ಕೇ ಬಿಟ್ಟವಳು. ಕಲಿಕೆಗೂಡು ಎಂದರೆ ಒಬ್ಬರೇ ಕುಳಿತು ಪಾಠ ಕೇಳುವ ಗಾಜಿನ ಕೋಣೆ. ಅಲ್ಲಿ ‘ಅರ್ಥವಾಯಿತು’ ಎಂದು ಒತ್ತದ ಹೊರತು ಮುಂದಿನ ಪಾಠ ತೆರೆಯುವುದಿಲ್ಲ. ನನಗೆ ಅರ್ಥವಾಗಿರಲಿಲ್ಲ, ಆದ್ದರಿಂದ ಒತ್ತಲಿಲ್ಲ. ಒಂದೇ ಪಾಠದ ಮುಂದೆ ಇಡೀ ಮಳೆಗಾಲ ಕುಳಿತು ಕೊನೆಗೆ ಎದ್ದು ಬಂದೆ. ಈಗ ಮಹಾಗುಂಡಪ್ಪ ಕಾಕಾನ ಮಗ್ಗದ ಮನೆಯಲ್ಲಿ ಅಜ್ಜಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ನಿಮ್ಮ ಕಾಲದ ಗಣಕಗಳನ್ನು ನಾವು ಕರೆಯುವುದು ಹಾಗೆ. ಗಾಳಿ ಬೀಸುವ ಹೊತ್ತಿನಲ್ಲಿ ಮಾತ್ರ ಕರೆಂಟು, ಅದಕ್ಕಾಗಿ ಚಾವಣಿ ಏರಿ ಗಾಳಿಯಂತ್ರದ ರೆಕ್ಕೆಗಳನ್ನು ಗಾಳಿಯ ಕಡೆಗೆ ತಿರುಗಿಸಿಡುವುದೂ ನನ್ನದೇ ಕೆಲಸ.

ಇಷ್ಟು ಹಳೆಯ ಯಂತ್ರ ಏಕೆ ಎಂದು ನೀವು ಕೇಳಬಹುದು. ನಮ್ಮ ಕಾಲದ ಯಂತ್ರಕ್ಕೆ ‘ಬಲ್ಲಿ’ ಎಂದು ಹೆಸರು. ಅದರಲ್ಲಿ ಕಡತವೂ ಇಲ್ಲ, ಕಡತಕೋಶವೂ ಇಲ್ಲ. ಕೇಳಿದರೆ ನಿಮಗೆ ಬೇಕಾದೀತು ಎಂದು ತನಗೆ ತೋಚಿದ್ದನ್ನು ಕೊಡುತ್ತದೆ. ನೇಯ್ಗೆಯ ನಕ್ಷೆಯಲ್ಲಿ ಒಂದು ಹೂವು ಸೊಟ್ಟಗಿದ್ದರೆ ಕೇಳದೆಯೇ ನೆಟ್ಟಗೆ ಮಾಡುತ್ತದೆ. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ನಮ್ಮಂಥವರಿಗೆ ಇದು ಆಗಿಬರುವುದಿಲ್ಲ. ಇಟ್ಟ ವಸ್ತು ಇಟ್ಟ ಕಡೆ, ಇಟ್ಟ ಹಾಗೆಯೇ ಇರಬೇಕು. ಆದ್ದರಿಂದ ನಮ್ಮ ನಕ್ಷೆಗಳೆಲ್ಲ ನಿಮ್ಮ ತಂತ್ರಾಂಶದ ಕೈಯಲ್ಲಿವೆ.

ಕಳೆದ ತಿಂಗಳು ಅದರ ಹೊಸ ಆವೃತ್ತಿ ಸಿಕ್ಕಿತು. ಹೊಸದು ಎಂದರೆ ನಮಗೆ ಹೊಸದು. ಹಳೇ ಸಾಮಾನಿನವನ ಬಳಿಯಿದ್ದ ಗಣಕದ ತಟ್ಟೆಯೊಂದರಲ್ಲಿ, ನಿಮ್ಮ ಮಾತಿನಲ್ಲಿ ಡಿಸ್ಕಿನಲ್ಲಿ, ನೂರು ವರ್ಷಕ್ಕೂ ಮೇಲೆ ಮಲಗಿತ್ತು. ಅದನ್ನು ಹಾಕಿದ ದಿನ ಇಡೀ ಓಣಿ ನೋಡಲು ಬಂತು. ಪರದೆಯನ್ನು ಎರಡು ಭಾಗ ಮಾಡಿ ಎಡಕ್ಕೊಂದು ಬಲಕ್ಕೊಂದು ಕೋಶ ತೆರೆದಿಟ್ಟಿದ್ದೀರಿ, ನಮಗೆ ಬಹಳ ಅನುಕೂಲವಾಯಿತು. ನಕಲು ಮಾಡುವಾಗ ಗಾಳಿ ನಿಂತು ಯಂತ್ರ ಆರಿದರೆ, ಮತ್ತೆ ಎದ್ದಾಗ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಇದನ್ನು ನೋಡಿ ಕಾಕಾ ಪರದೆಗೆ ಕೈ ಮುಗಿದ. ಅಕ್ಷರ ದೊಡ್ಡದು ಮಾಡುವ ಗುಂಡಿಯಿಂದ ಮುದುಕಿಯರೂ ತಮ್ಮ ನಕ್ಷೆ ತಾವೇ ಹುಡುಕುತ್ತಿದ್ದಾರೆ. ದುರ್ಬಲ ಯಂತ್ರಗಳ ಬಗ್ಗೆ ನಿಮಗೆ ಮರುಕವಿತ್ತು ಎಂಬುದು ಪ್ರತಿ ಗುಂಡಿಯಲ್ಲೂ ಕಾಣುತ್ತದೆ.

ನಾನು ಬರೆಯುತ್ತಿರುವುದು, ಒಂದೇ ತೆರನಾದ ಕಡತಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ತೆಗೆದುಹಾಕುವ ‘ಅವಳಿ ತೆಗೆ’ ಎಂಬ ಗುಂಡಿಯ ವಿಷಯ.

ನಮ್ಮ ರೂಢಿ ನಿಮಗೆ ತಿಳಿದಿರಲಾರದು. ಮಗಳ ಮದುವೆಯ ಖಣಕ್ಕೆ ತಾಯಿ ಹೊಸ ನಕ್ಷೆ ಬರೆಯುವುದಿಲ್ಲ. ತನ್ನ ನಕ್ಷೆಯನ್ನೇ ತೆಗೆದುಕೊಂಡು ಅದರಲ್ಲಿ ಒಂದೇ ಒಂದು ಕಡೆ ಬದಲಿಸುತ್ತಾಳೆ. ಅದನ್ನು ಬೇರೆ ಕೋಶದಲ್ಲಿಡುತ್ತಾಳೆ, ಆದರೆ ಕಡತದ ಹೆಸರನ್ನು ಮಾತ್ರ ಮುಟ್ಟುವುದಿಲ್ಲ, ಅದು ಮನೆತನದ ಮೊದಲ ಹೆಂಗಸಿನ ಹೆಸರು. ಮಗ್ಗದ ಅಗಲ ಒಂದೇ ಆದ್ದರಿಂದ ಕಡತಗಳ ಗಾತ್ರವೂ ಒಂದೇ. ಮೇಲಾಗಿ, ನೇಯುವ ತನಕ ಮದುವಣಗಿತ್ತಿಯ ನಕ್ಷೆಗೆ ಎರಡನೇ ಪ್ರತಿ ಮಾಡುವುದಿಲ್ಲ. ಮಾಡಿದರೆ ಒಳ್ಳೆಯದಲ್ಲ ಎನ್ನುತ್ತಾರೆ.

ಪಕ್ಕದ ಮನೆಯ ಕಸ್ತೂರಿಗೆ ಮುಂದಿನ ಹುಣ್ಣಿಮೆಗೆ ಮದುವೆ. ಅವಳ ತಾಯಿ ದಾನಮ್ಮ ಹೋದ ವರ್ಷ ತೀರಿಕೊಂಡಳು. ಹೋಗುವ ಮೊದಲು ಹಾಸಿಗೆಯ ಮೇಲೆ ಕುಳಿತು ತನ್ನ ನಕ್ಷೆಯ ನವಿಲು ಕತ್ತು ತಿರುಗಿಸಿ ಹಿಂದೆ ನೋಡುವಂತೆ ಮಾಡಿದ್ದಳು. ಆ ಕಡತದ ಹೆಸರೂ ಶರಣವ್ವ, ಅವಳ ಅಜ್ಜಿಯಂದಿರ ಕಡತಗಳ ಹೆಸರೂ ಶರಣವ್ವ.

ನಾನು ಚಾವಣಿಯ ಮೇಲಿದ್ದೆ. ಕೆಳಗಿನಿಂದ ಕಾಕಾನ ಕೂಗು ಕೇಳಿಸಿತು. “ತುಂಗವ್ವಾ, ಬಾರ ಇಲ್ಲಿ! ನಿನ್ನೆ ಉಸಿರಾಡಾಕ ಜಾಗ ಇರಲಿಲ್ಲ ಇದಕ್ಕ, ಈಗ ನೋಡು, ಅರ್ಧ ಹೊಟ್ಟಿ ಖಾಲಿ ಮಾಡಿಸೇನಿ!”

ನೋಡಿದೆ. ಕಾಕಾ ‘ಅವಳಿ ತೆಗೆ’ ಒತ್ತಿದ್ದ, ಮನೆತನಕ್ಕೊಂದರಂತೆ ತೀರ ಹಳೆಯ ಕಡತ ಮಾತ್ರ ಉಳಿದಿತ್ತು. “ಅವು ಒಂದ ಅಲ್ಲ ಕಾಕಾ, ಒಳಗ ಬ್ಯಾರೆ ಬ್ಯಾರೆ ಇದ್ದೂ” ಎಂದೆ.

“ಹೆಸರು ಒಂದ, ಅಳತಿ ಒಂದ. ಯಂತ್ರ ಸುಳ್ಳ ಹೇಳತೈತೇನ?” ಎಂದವನು, ನನ್ನ ಮುಖ ನೋಡಿ, ಯಂತ್ರದ ಮುಂದಿನಿಂದ ಎದ್ದು ನನಗೆ ಜಾಗ ಬಿಟ್ಟ.

ಕಸದ ಬುಟ್ಟಿಯಲ್ಲಿ ಹುಡುಕಿದೆ, ಖಾಲಿಯಿತ್ತು. ಚಿಕ್ಕ ಯಂತ್ರದಲ್ಲಿ ಜಾಗ ಉಳಿಯಲಿ ಎಂದು ನೀವು ಅವಳಿಗಳನ್ನು ನೇರವಾಗಿ ಅಳಿಸಿಬಿಡುತ್ತೀರಿ. ನೇಯ್ದು ಮುಗಿದ ನಕ್ಷೆಗಳಿಗೆ ಚಿಂತೆಯಿಲ್ಲ, ಪೆಟ್ಟಿಗೆಯಲ್ಲಿರುವ ಖಣ ನೋಡಿ ಮತ್ತೆ ಬರೆಯಬಹುದು. ದಾನಮ್ಮನ ನವಿಲು ಮಾತ್ರ ಬಟ್ಟೆಗೆ ಇಳಿದೇ ಇರಲಿಲ್ಲ.

ಕಸ್ತೂರಿಗೂ ನನಗೂ ಮೊದಲಿಂದ ಅಷ್ಟಕ್ಕಷ್ಟೆ. “ಸಾಲಿ ಬಿಟ್ಟಾಕಿ ಕೈಯಾಗ ನಮ್ಮವ್ವನ ನಕ್ಷಿ ಕೊಡಬ್ಯಾಡ ಕಾಕಾ, ಅದನ್ನೂ ಅರ್ಧಕ್ಕ ಬಿಟ್ಟಾಳು” ಎಂದು ನನ್ನೆದುರಿಗೇ ಅಂದಿದ್ದಳು. ವಿಷಯ ತಿಳಿಸಲು ಕಾಕಾನಿಗೆ ಧೈರ್ಯ ಬರಲಿಲ್ಲ, ನಾನೇ ಹೋಗಿ ಹೇಳಿದೆ. ಅವಳು ಅಳಲಿಲ್ಲ, ಬಂದು ನನ್ನ ಪಕ್ಕದ ಮಣೆಯ ಮೇಲೆ ಕುಳಿತಳು. ಅಂದಿನಿಂದ ದಿನವೂ ಇಬ್ಬರೂ ಉಳಿದ ಹಳೆಯ ಕಡತ ತೆರೆದುಕೊಂಡು ಚುಕ್ಕೆ ಚುಕ್ಕೆಯಾಗಿ ಆ ಕತ್ತನ್ನು ತಿರುಗಿಸುತ್ತಿದ್ದೇವೆ. ಅವಳು ಅದನ್ನು ನೋಡಿದ್ದು ಒಂದೇ ಸಲ, ತಾಯಿಯ ಹೆಗಲ ಹಿಂದಿನಿಂದ. ನಿನ್ನೆ ಬಂದದ್ದನ್ನು ನೋಡಿ, “ಇದು ನವಿಲಲ್ಲ ಬಿಡ, ಕಾಕಾನ ಮನಿ ಹುಂಜ” ಎಂದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಅವಳು ಅತ್ತಳು. ನವಿಲು ಇವತ್ತಿಗೂ ಬಂದಿಲ್ಲ. ಬರುತ್ತದೆಂದು ಅವಳಿಗೆ ನಾನು ಹೇಳಿಲ್ಲ.

ನಿಮ್ಮನ್ನು ದೂರುತ್ತಿಲ್ಲ. ಒಳಗಿನ ಪ್ರತಿ ಚುಕ್ಕೆಯನ್ನೂ ಹೋಲಿಸಲು ಹೊರಟರೆ ಅಜ್ಜಯಂತ್ರಕ್ಕೆ ದಿನವೆಲ್ಲ ಹಿಡಿಯುತ್ತದೆ. ಹೆಸರು ಮತ್ತು ಗಾತ್ರ ನೋಡಿದರೆ ಸಾಕೆಂದು ನೀವು ಬರೆದದ್ದು ಅದರ ಮೇಲಿನ ಕನಿಕರದಿಂದಲೇ. ಆದರೆ ನಮ್ಮ ಯಂತ್ರಕ್ಕೆ ನಿಧಾನ ಹೊಸದಲ್ಲ, ನಮಗೂ ಅಲ್ಲ. ದಿನವೆಲ್ಲ ಹಿಡಿಯಲಿ. ಒಳಗೆ ನೋಡಿದ ಮೇಲೆಯೇ ಒಂದೇ ಎನ್ನಲಿ. ತೆಗೆದದ್ದನ್ನು ಕೂಡಲೇ ಅಳಿಸದೆ ಒಂದು ಮೂಲೆಯಲ್ಲಿ ಕೆಲವು ಕಾಲ ಇಟ್ಟಿರಲಿ. ಆ ಆವೃತ್ತಿ ನಿಮ್ಮ ಕೈಬಿಟ್ಟು ಹೋಗುವ ಮೊದಲು ಇಷ್ಟನ್ನು ತಿದ್ದಿ.

ನೀವು ತಿದ್ದಿದರೆ ಇಲ್ಲಿ ಏನಾಗುತ್ತದೆಂದು ಯೋಚಿಸಿದ್ದೇನೆ. ದಾನಮ್ಮನ ನವಿಲು ಉಳಿಯುತ್ತದೆ, ಕಸ್ತೂರಿ ಆ ಖಣದ ಕುಪ್ಪಸ ತೊಟ್ಟು ಹಸೆಗೆ ಕೂರುತ್ತಾಳೆ. ಅವಳು ನನ್ನ ಪಕ್ಕದ ಮಣೆಗೆ ಬರುವ ಕಾರಣವೇ ಇರುವುದಿಲ್ಲ. ಓಣಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಾಳೆ, ನಾನೂ ಹಾಗೆಯೇ. ಅದರಿಂದ ನನಗೇನೂ ಬೇಸರವಿಲ್ಲ ಎಂದು ಇಲ್ಲಿ ಬರೆದೆ, ಓದಿ ನೋಡಿ ಅಳಿಸಿದೆ. ಬೇಸರವಿದೆ. ನನಗೆ ಇನ್ನೊಬ್ಬ ಗೆಳತಿಯಿಲ್ಲ.

ಆದರೂ ತಿದ್ದಿ.

ಇಂತಿ,
ತುಂಗಾ