ಮುಷ್ಟಿಯೊಳಗಿನ ಗಲಗಲ

ಜನವರಿ 9, ಬೆಳಿಗ್ಗೆ 6
ಟಾರ್ಪಾಲು ತೆಗೆದು, ಕಣದಲ್ಲಿ ಕಾಫಿ ಹಣ್ಣು ಹರವಿದ್ದಾಯಿತು. ಇವತ್ತಿಗೆ ಹನ್ನೆರಡನೇ ಬಿಸಿಲು. ಈ ಸಲ ಹಕ್ಕಿಗಳ ಸುಳಿವೇ ಇಲ್ಲ. ಮೇಲಿನ ತೋಟದವರು ಏನೋ ಔಷಧಿ ಹೊಡೆದಿರಬೇಕು. ಮರಗಳೆಲ್ಲ ಬಿಕೋ ಎನ್ನುತ್ತಿವೆ.

ಸಂಜೆ
ತಮ್ಮ ಬಂದಿದ್ದ. ಮತ್ತೆ ಅದೇ ರಾಗ — ಅರವತ್ತಾಯಿತು, ಒಬ್ಬಳೇ ಎಷ್ಟು ದಿನ ಹೆಣಗುತ್ತೀ, ಮೂರೆಕರೆ ನನಗೆ ಬಿಟ್ಟು ಹಾಯಾಗಿರು. ಕೆಟ್ಟವನಲ್ಲ. ಹಾಯಾಗಿರುವುದು ಹೇಗೆಂದು ನನಗೆ ಗೊತ್ತಿಲ್ಲ, ಅಷ್ಟೆ. ಈ ಬೆಳೆ ಕೆಟ್ಟರೆ ತೋಟ ನಿನ್ನ ಕೈಗೆ ಎಂದುಬಿಟ್ಟೆ. ಬಾಯಿ ತಪ್ಪಿ ಅಲ್ಲ, ಸೊಕ್ಕಿನಿಂದ. ಮೂವತ್ತು ವರ್ಷದಲ್ಲಿ ಒಂದೂ ಕೆಟ್ಟಿಲ್ಲವಲ್ಲ.

ಜನವರಿ 14
ಅಮ್ಮ ಕಲಿಸಿದ್ದು ಇಷ್ಟೇ: ಒಣಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸು, ಒಳಗಿನ ಬೀಜ ಗಲಗಲ ಎಂದರೆ ಮೂಟೆ ಕಟ್ಟು. ತೇವ ಅಳೆಯುವ ಮೀಟರ್ ತಮ್ಮ ತಂದುಕೊಟ್ಟಿದ್ದಾನೆ. ಡಬ್ಬಿಯಿಂದ ಹೊರಗೆ ತೆಗೆದಿಲ್ಲ.
ಇವತ್ತೂ ಸದ್ದಿಲ್ಲ.
ಕೆಲಸದವಳು ಎದುರಿಗೇ ಬಂದು ನಿಂತು, "ಒಣಗಿದೆ ಅಕ್ಕ, ಮೂಟೆ ಕಟ್ಟೋಣ" ಎಂದಳು. ಇಪ್ಪತ್ತು ವರ್ಷದಿಂದ ಜೊತೆಗಿದ್ದಾಳೆ. ಈಚೆಗೆ ಮುಖಕ್ಕೆ ಮುಖ ಕೊಟ್ಟೇ ಮಾತಾಡುವ ಹೊಸ ಗತ್ತು.
"ತೋಟ ಯಾರ್ದೇ, ನಿಂದಾ ನಂದಾ?"
ಹಲಗೆ ಎತ್ತಿಕೊಂಡು ಹಣ್ಣು ತಿರುವಲು ಹೋದಳು.

ಜನವರಿ 17
ಇಲ್ಲ.

ಜನವರಿ 21
ಇಲ್ಲ. ಇಷ್ಟು ಬಿಸಿಲಿಗೂ ಬಗ್ಗದ ಇಂಥ ಮೊಂಡು ಹಣ್ಣು ಕಂಡಿಲ್ಲ. ಅವಳು ಮತ್ತೇನೋ ಹೇಳಲು ಬಂದಳು. ಬೆನ್ನು ತಿರುಗಿಸಿದೆ.

ಜನವರಿ 27
ಮೋಡ ಕಟ್ಟುತ್ತಿದೆ. ಸದ್ದಿಲ್ಲದಿದ್ದರೂ ವಿಧಿಯಿಲ್ಲದೆ ಮೂಟೆ ಕಟ್ಟಿಸಿದೆ.

ಫೆಬ್ರವರಿ 2
ಮಿಲ್ಲಿನಿಂದ ಬಂದೆ. ಸಿಪ್ಪೆ ಬಿಡಿಸಿದರೆ ಅರ್ಧಕ್ಕರ್ಧ ನುಚ್ಚು.
"ಏನಕ್ಕ, ಒಣಗಿ ಒಣಗಿ ಹುಡಿಯಾಗಿದೆ, ಬಿಸಿಲಿಗೆ ಹಾಕಿ ನೆಂಟರ ಮನೆಗೆ ಹೋಗಿದ್ರಾ?" ಮಿಲ್ಲಿನವನು ತಮಾಷೆಗೇ ಅಂದ.
ನಂಬಲಿಲ್ಲ. ಯಂತ್ರ ನಿಲ್ಲಿಸಿದ್ದರು. ಉಳಿದ ಮೂಟೆಯಿಂದ ಒಂದು ಹಿಡಿ ತೆಗೆದು ಅಲ್ಲಾಡಿಸಿದೆ. ಸದ್ದಿಲ್ಲ. ಅಷ್ಟರಲ್ಲಿ ಅವನ ಹೆಂಡತಿ ಒಳಬಾಗಿಲಿನಿಂದ ಇಣುಕಿದಳು — ಯಾರದು, ಗಿಲಕಿ ಆಡಿಸ್ತಿರೋದು?
ಅಲ್ಲಿಂದ ಇಲ್ಲಿಯವರೆಗೆ ಮರಗಳನ್ನು ನೋಡುತ್ತ ಬಂದೆ. ಹಕ್ಕಿಗಳಿದ್ದವು. ಕೊಂಬೆ ಕೊಂಬೆಯಲ್ಲೂ ಇದ್ದವು. ಕೊಕ್ಕು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು...

ಫೆಬ್ರವರಿ 3
ನಾನು ಹೇಳುವ ಮೊದಲೇ ಸುದ್ದಿ ತಮ್ಮನ ಮನೆ ಮುಟ್ಟಿತ್ತು. ಬಂದವನೇ, ಹೇಗಾಯಿತು ಎಂದ. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಕೆಲಸದವಳು ಕಣದಿಂದ ಬಂದಳು.
"ನಂದೇ ತಪ್ಪು ಅಣ್ಣ. ಅಕ್ಕ ಆವತ್ತೇ ಮೂಟೆ ಕಟ್ಟು ಅಂದಿದ್ರು. ನಾನೇ ಮೈಗಳ್ಳತನ ಮಾಡ್ದೆ."
ನನ್ನ ಕಡೆ ನೋಡಲಿಲ್ಲ. ನಾಳೆಯಿಂದ ಬರಬೇಡ ಎಂದ ತಮ್ಮ. ಅಕ್ಕನ ತಪ್ಪೇನಿಲ್ಲವಲ್ಲ, ಇನ್ನೊಂದು ಬೆಳೆ ನೋಡೋಣ ಎಂದ.
ತಲೆಯಾಡಿಸಿದೆ. ನಾನೇ ಆಡಿಸಿದೆ.

ಫೆಬ್ರವರಿ 11, ಬೆಳಿಗ್ಗೆ 7
ಎಂಟು ದಿನದಿಂದ ಕಣ ಗುಡಿಸಿಲ್ಲ. ಅವಳು ಒರಗಿಸಿದ ಹಲಗೆ ಗೋಡೆಗೆ ಹಾಗೇ ಒರಗಿದೆ. ಎದುರಿಗೆ ನಿಂತು ಮಾತಾಡುತ್ತಿದ್ದದ್ದು ಗತ್ತಲ್ಲ. ನನ್ನ ಕಿವಿಯ ಸಂಗತಿ ನನಗಿಂತ ಮೊದಲೇ ಅವಳಿಗೆ ತಿಳಿದಿತ್ತು. ತುಟಿ ಕಂಡರೆ ಮಾತು ತಿಳಿದೀತೆಂದು ಅಷ್ಟು ದಿನ...
ತಮ್ಮನಿಗೆ ಚೀಟಿ ಬರೆದೆ. ಇದ್ದದ್ದು ಇದ್ದ ಹಾಗೆ. ಉಗ್ರಾಣದ ಬೀಗದ ಕೈ ಅದರ ಮೇಲಿಟ್ಟಿದ್ದೇನೆ. ಆದರೆ ಮೊದಲು ಅವಳ ಮನೆಗೆ. ಬಾಗಿಲು ತಟ್ಟುತ್ತೇನೆ. ಒಳಗಿನಿಂದ ಬಾ ಎಂದರೂ, ಹೋಗು ಎಂದರೂ, ನನಗೆ —