ದೊನೊಸ್ತಿಯಾದಲ್ಲಿ ನಮ್ಮ ಮನೆಯ ದೀಪ

ದೊನೊಸ್ತಿಯಾ ಬಂದರು
ಫೆಬ್ರವರಿ 30, 2217

ಸುಮಾರು ಇನ್ನೂರು ವರ್ಷ ಹಿಂದೆ ಗಂಗೊಳ್ಳಿಯ ಕಡಲಂಚಿನಲ್ಲಿ ಬದುಕಿರುವ, ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿಯಾದ ತಮಗೆ ಮೂಕಾಂಬು ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನಾನು ಕಲಿತದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಕೆಲವು ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ.

ನನ್ನ ಕೆಲಸ ಪಾಚಿಹಡಗಿನಲ್ಲಿ. ಕಡಲಪಾಚಿಯನ್ನು ಬಾಚಿ, ಒಣಗಿಸಿ, ಹಿಟ್ಟು ಮಾಡುವ ಹಡಗು ಇದು. ನಾವು ತಿನ್ನುವ ರೊಟ್ಟಿ ಆ ಹಿಟ್ಟಿನದೇ. ಹಡಗಿನ ಹೆಸರು ಕಡಲಹಕ್ಕಿ. ನನ್ನಮ್ಮ ಚಂದು ಕೂಡ ಇಲ್ಲೇ ದುಡಿದಳು. ರಾತ್ರಿಪಾಳಿ ಮುಗಿಸಿ ಬಂದಾಗಲೆಲ್ಲ, "ಇದ್ ನಮ್ಮನಿ ಅಲ್ಲ ಮಗಾ" ಎನ್ನುತ್ತಿದ್ದಳು. ಮೂರು ತಿಂಗಳ ಹಿಂದೆ ಜ್ವರದಲ್ಲಿ ತೀರಿಕೊಂಡಳು. ನಡುಗಡಲಲ್ಲಿ ನೀರಿಗೆ ಬಿಟ್ಟೆವು. ಹಡಗಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಆದ್ದರಿಂದ ಅವಳಿಗೊಂದು ದೀಪವನ್ನೂ ಇಡಲಾಗಲಿಲ್ಲ.

ದೊನೊಸ್ತಿಯಾ ಕಡಲಾಚೆಯ ಪಡುವಣ ನಾಡಿನ ಬಾಸ್ಕ್ ಜನರ ಪಟ್ಟಣ. ಚಿಪ್ಪಿನಂತೆ ಬಾಗಿದ ಕೊಲ್ಲಿ. ತಮ್ಮ ಕಾಲದಲ್ಲಿ ದಿನವಿಡೀ ಮರಳಿರುತ್ತಿತ್ತಂತೆ. ಈಗ ನೀರಿಳಿದಾಗ ಎರಡು ಗಂಟೆ ಮಾತ್ರ. ಆ ಹೊತ್ತು ಊರಿಗೂರೇ ಕೆಲಸ ಬಿಟ್ಟು ಬರಿಗಾಲಲ್ಲಿ ನಡೆಯಲು ಬರುತ್ತದೆ, ಜೋಡಿಜೋಡಿಯಾಗಿ, ಗುಂಪುಗುಂಪಾಗಿ. ನಾನೊಬ್ಬಳೇ ನಡೆದೆ. ಹಿಂತಿರುಗಿ ನೋಡಿದಾಗ ಒಂಟಿ ಹೆಜ್ಜೆಸಾಲು ನನ್ನದೊಂದೇ ಇತ್ತು.

ನೀರು ಏರತೊಡಗಿದಾಗ ಮೇಲಿನ ಬೀದಿಗೆ ಹತ್ತಿದೆ. ಅಲ್ಲೊಂದು ಇಗರ್ಜಿ. ನೆಲದ ಮೇಲೆ ಕೆತ್ತನೆಯ ಮರದ ಹಲಗೆಗಳು, ಪ್ರತಿ ಹಲಗೆಗೂ ಹಗ್ಗದಂತೆ ಸುತ್ತಿದ ತೆಳ್ಳನೆಯ ಮೇಣದ ಬತ್ತಿ. ಮನೆಗೊಂದು ಹಲಗೆ, ಆ ಮನೆಯಲ್ಲಿ ಸತ್ತವರಿಗೆಲ್ಲ ಅದೇ ದೀಪ. ನೋಡಿಕೊಳ್ಳುವ ಮುದುಕಿಯ ಹೆಸರು ಮಯಾಲೆನ್. ನನ್ನ ಕಿವಿಯಲ್ಲಿ ಮಾತುಮಣಿ ಇತ್ತು. ಪರಭಾಷೆಯನ್ನು ನಮ್ಮ ಮಾತಿಗೆ ತಿರುಗಿಸಿ ಉಸುರುವ ಮಣಿ ಅದು. ಅದಕ್ಕೆ ಅಮ್ಮನ ದನಿಯನ್ನೇ ಕಲಿಸಿಟ್ಟಿದ್ದೇನೆ.

"ಬಾಗ್ಲಲ್ ನಿಂತ್ರೆ ಎಂತ ಸಿಕ್ಕತ್ತ್? ಒಳಗ್ ಬಾ ಮಾರಾಯ್ತಿ" ಎಂದಳು ಮುದುಕಿ, ಅಮ್ಮನ ದನಿಯಲ್ಲಿ.

ಅಮ್ಮನಿಗೊಂದು ದೀಪ ಬೇಕೆಂದೆ. ಹೊಸ ಹಲಗೆ ತಂದು, ಉಳಿ ಹಿಡಿದು ಕೂತಳು.

"ಹೆಸ್ರ್ ಹೇಳ್."

"ಚಂದು."

"ಅಮ್ಮನ್ ಹೆಸ್ರಲ್ಲ, ಮನಿ ಹೆಸ್ರ್. ಜನ ಹೋತ್ರ್, ಮನಿ ಇರತ್ತ್."

ಅಜ್ಜಿ, ನಮ್ಮಲ್ಲೂ ಮನೆಮನೆಗೆ ಹೆಸರಿತ್ತೆಂದು ಅಮ್ಮ ಹೇಳುತ್ತಿದ್ದಳು. ನಮ್ಮದು ಯಾವುದೆಂದು ಅವಳಿಗೂ ತಿಳಿದಿರಲಿಲ್ಲ. ಗಂಗೊಳ್ಳಿಗೆ ನೀರು ನುಗ್ಗಿದ ಮೇಲೆ ನಮ್ಮವರು ಹೋಗಿ ಸೇರಿದ ಸಾಲುಮನೆಗಳಿಗೆ ಬರೀ ನಂಬರುಗಳು. ಮನೆಯ ಹೆಸರು ಗೊತ್ತಿಲ್ಲವೆನ್ನಲು ನಾಚಿಕೆಯಾಯಿತು. ಬಾಯಿಗೆ ಬಂದದ್ದು, "ಕಡಲಹಕ್ಕಿ."

"ಚಂದದ್ ಹೆಸ್ರ್! ಅಂಗ್ಳ ದೊಡ್ಡದಾ? ಬಾವಿ ಇತ್ತಾ?"

ದೊಡ್ಡದು ಎಂದೆ. ಇತ್ತು ಎಂದೆ. ಅವಳು ಖುಷಿಯಿಂದ ಕೆತ್ತಿದಳು, ಬತ್ತಿ ಹಚ್ಚಿದಳು. ಯಾವ ಹಡಗು ತನ್ನ ಮನೆಯಲ್ಲವೆಂದು ಅಮ್ಮ ಜೀವನವಿಡೀ ಹೇಳಿದಳೋ, ಅದೇ ಹಡಗಿನ ಹೆಸರಿನಲ್ಲಿ ಅವಳ ದೀಪ ಈಗ ಉರಿಯುತ್ತಿದೆ.

ಎರಡು ವರ್ಷದ ಮೇಲೆ ಹಡಗು ಮತ್ತೆ ಇಲ್ಲಿಗೆ ಬರುತ್ತದೆ. ಆಗ ಹಲಗೆ ಬದಲಾಯಿಸಬಹುದು. ಅದಕ್ಕೂ ಮೊದಲು ಗಂಗೊಳ್ಳಿಯ ಮುಂದೆ ಹಾಯುತ್ತೇವೆ. ಊರ ಹಿಂದಿನ ಗುಡ್ಡ ಇನ್ನೂ ನೀರಿನ ಮೇಲಿದೆ. ದಯವಿಟ್ಟು ತಮ್ಮ ಮನೆಯ ಹೆಸರನ್ನು ಗಟ್ಟಿ ಕಲ್ಲಿನಲ್ಲಿ ಕೆತ್ತಿಸಿ ಅಲ್ಲಿ ನೆಡಿಸಿ. ಕಾಗದದಲ್ಲಿ ಬೇಡ, ಉಳಿಯುವುದಿಲ್ಲ. ನಾನು ಇಳಿದು ಹುಡುಕುತ್ತೇನೆ.

ಸಾಧ್ಯವಾದರೆ ಒಂದು ಬಾವಿಯನ್ನೂ ತೋಡಿಸಿ. ಇತ್ತು ಎಂದುಬಿಟ್ಟಿದ್ದೇನೆ.